ಮೂರನೇ ಬಣ್ಣ

ಸಾಹಿತ್ಯದ ಗೆಳೆಯರ ನಡುವೆ ಕೂತಾಗ ಯಾರಾದರೊಬ್ಬರು "ನಿಮ್ಮ ಪಿಎಚ್.ಡಿ. ಯಾವುದರ ಮೇಲೆ?" ಎಂದು ಕೇಳಿಯೇ ಕೇಳುತ್ತಾರೆ. ನವೋದಯವೋ ಜಾನಪದವೋ ಅನುವಾದವೋ ಇರಬಹುದೆಂದು ಅಂದುಕೊಂಡವರಿಗೆ "ಆಪ್ಟಿಕಲ್ ಫೈಬರಿನಲ್ಲಿ ಕೇಬಲ್ ಟಿ.ವಿ. ಕಳಿಸೋದು" ಎಂದರೆ ಒಂದು ಗಳಿಗೆ ಮಾತೇ ಹೊರಡುವುದಿಲ್ಲ. ಆಮೇಲೆ ಯಾರೋ ಒಬ್ಬರು ತಮ್ಮ ಮನೆಯ ವೈಫೈ ಯಾಕೆ ನಿಧಾನ ಎಂದು ವಿಚಾರಿಸುತ್ತಾರೆ. ಅದಕ್ಕೂ ನನ್ನ ಬಳಿ ಉತ್ತರವಿಲ್ಲ. ನನ್ನ ಕೆಲಸ ವೈಫೈ ಡಬ್ಬಿಯ ಹಿಂದೆ ಗೋಡೆಯೊಳಗೆ ಹೋಗುವ ತೆಳ್ಳಗಿನ ಹಳದಿ ವಯರಿನದು. ಅದರೊಳಗಿನ ಕೂದಲೆಳೆಯಷ್ಟು ಗಾಜಿನದು.

ಆ ಗಾಜಿನ ನಟ್ಟನಡುವೆ ಬೆಳಕು ಓಡಾಡುವ ತಿರುಳು ಇರುವುದು ಬರೀ 9 ಮೈಕ್ರೋಮೀಟರ್ ಅಗಲ. ಅಷ್ಟು ಸಣ್ಣ ಓಣಿಯಲ್ಲಿ ಮೂರು ಬಣ್ಣಗಳು ಒಂದನ್ನೊಂದು ತಾಗದೆ ಹೋಗಿಬರುತ್ತವೆ. ಮನೆಯಿಂದ ಹೊರಟ ಇಂಟರ್ನೆಟ್ ಮಾತು 1310 ನ್ಯಾನೋಮೀಟರಿನದು, ಮನೆಗೆ ಬರುವುದು 1490ರದು, ಟಿ.ವಿ. ಬರುವುದು 1550ರಲ್ಲಿ. ಬಣ್ಣ ಎಂದೆ, ಕಣ್ಣಿಗೆ ಮೂರೂ ಕಾಣುವುದಿಲ್ಲ, ಕೆಂಪಿನಾಚೆಯವು. ಆದರೆ ಕೆಂಪು ಮತ್ತು ಹಸಿರು ಹೇಗೆ ಬೇರೆಯೋ ಇವೂ ಹಾಗೇ ಬೇರೆ. ಮನೆಯಲ್ಲಿ ಒಂದು ಪುಟ್ಟ ಸೋಸುಕ ಇಟ್ಟು ಬಿಡಿಸಿಕೊಂಡರಾಯಿತು. ಸಾಕಷ್ಟು ಜನ ಮೊದಲೆರಡು ಬಣ್ಣಗಳ ಮೇಲೆ ಸಂಶೋಧನೆ ಮಾಡುತ್ತಾರೆ. ನಾನು ಮೂರನೆಯದರ ಪಾಲಿಗೆ ಬಂದವಳು. ಬಂದದ್ದು ಅಜ್ಜಿಯ ಟಿ.ವಿ.ಯಿಂದ.

ನಮ್ಮ ಮನೆ ಕೊಪ್ಪದ ಕಡೆ, ಪೇಟೆಯಿಂದ ಏಳೆಂಟು ಕಿಲೋಮೀಟರ್ ಒಳಗೆ. ಕೇಬಲ್ ಅಲ್ಲಿಗೆ ಬಂದದ್ದೇ ಒಂದು ಸಾಹಸ. ಅಡಿಕೆ ಮರದಿಂದ ಅಡಿಕೆ ಮರಕ್ಕೆ, ಅಲ್ಲಿಂದ ಕರೆಂಟು ಕಂಬಕ್ಕೆ, ಮತ್ತೆ ಹಲಸಿನ ಮರಕ್ಕೆ ಕಪ್ಪು ತಾಮ್ರದ ಕೇಬಲ್ ಜೋಲುತ್ತ ಬರುತ್ತಿತ್ತು. ತಾಮ್ರದಲ್ಲಿ ಟಿ.ವಿ. ಸಂಕೇತ ಬಹಳ ದೂರ ಬಾಳುವುದಿಲ್ಲ. ಅಲ್ಲಲ್ಲಿ ತಗಡಿನ ಡಬ್ಬಿಯಲ್ಲಿ ಆಂಪ್ಲಿಫೈಯರ್ ಕೂರಿಸಿ ಎತ್ತಿ ಕೊಡಬೇಕು. ಎತ್ತಿದಾಗ ಚಿತ್ರದ ಜೊತೆ ಕಸವೂ ಏಳುತ್ತದೆ, ಮೇಲಾಗಿ ಆಂಪ್ಲಿಫೈಯರ್ ತನ್ನದೊಂದಿಷ್ಟು ಸೇರಿಸುತ್ತದೆ. ಹಾಗಾಗಿ ಪೇಟೆಯಲ್ಲಿ ಕನ್ನಡಿಯಂತಿದ್ದ ಚಿತ್ರ ನಮ್ಮ ಮನೆ ಮುಟ್ಟುವಾಗ ಚುಕ್ಕಿ ಚುಕ್ಕಿ. ಯಾರೂ ದೂರುತ್ತಿರಲಿಲ್ಲ. ದೂರಲು ಬೇರೆ ಕಾರಣಗಳೇ ಸಾಕಷ್ಟಿದ್ದವು. ನಮ್ಮ ಮನೆಯಲ್ಲಿ ಇನ್ವರ್ಟರ್ ಇದ್ದರೂ ಹಾದಿಯ ಯಾವುದೋ ಡಬ್ಬಿಗೆ ಕರೆಂಟು ಹೋದರೆ ಟಿ.ವಿ. ಇಲ್ಲ. ಏಪ್ರಿಲ್ ಮೇ ತಿಂಗಳ ಗುಡುಗಿನ ಮಳೆಗೆ ಒಂದು ಸಿಡಿಲು ಬಿದ್ದರೆ ಸಾಲಾಗಿ ನಾಲ್ಕು ಡಬ್ಬಿ ಸುಟ್ಟು ಕರಕಲು. ಮಲೆನಾಡಿನಲ್ಲಿ ತಾಮ್ರ ಎಳೆಯುವುದೆಂದರೆ ಸಿಡಿಲಿಗೆ ದಾರಿ ಹಾಸಿಕೊಟ್ಟ ಹಾಗೆ.

ನಮ್ಮ ಕೇಬಲಿನವರು (ಊರಿಗೆಲ್ಲ ಅವರು 'ಕೇಬಲ್ ಅಣ್ಣ') 2016ರಲ್ಲಿ ಸಾಲ ಮಾಡಿ ಗಾಜಿಗೆ ಬದಲಾದದ್ದು ಈ ಕಾರಣಕ್ಕೇ. ಇಂಟರ್ನೆಟ್ ಕೊಡಬೇಕೆಂಬ ಆಸೆ ಎರಡನೆಯದು. ಗಾಜಿನಲ್ಲಿ ಸಿಡಿಲು ಹರಿಯುವುದಿಲ್ಲ. ಈ ಜಾಲಕ್ಕೆ 'ಪ್ಯಾಸಿವ್' ಎಂಬ ಹೆಸರು ಬಂದದ್ದು ಕೂಡ ಹಾದಿಯಲ್ಲಿ ಕರೆಂಟು ಬೇಡುವ ವಸ್ತು ಒಂದೂ ಇಲ್ಲ ಎಂಬ ಅರ್ಥದಲ್ಲಿ. ಪೇಟೆಯ ಕಂಟ್ರೋಲ್ ರೂಮಿನಿಂದ ಒಂದು ಎಳೆ ಹೊರಡುತ್ತದೆ, ಎಲ್ಲೋ ಕಂಬದ ಮೇಲೆ ಸ್ಪ್ಲಿಟರ್ ಎಂಬ ಗಾಜಿನ ಚೂರಿನಲ್ಲಿ 32 ಕವಲಾಗುತ್ತದೆ, ಒಂದೊಂದು ಕವಲು ಒಂದೊಂದು ಮನೆಗೆ. ಆ ಸ್ಪ್ಲಿಟರಿಗೆ ಕರೆಂಟೂ ಬೇಡ, ಬುದ್ಧಿಯೂ ಬೇಡ. ಒಳಗೆ ಬಂದ ಬೆಳಕನ್ನು ಪಂಕ್ತಿಯಲ್ಲಿ ಬಡಿಸಿದಂತೆ 32 ಎಲೆಗೆ ಹಂಚುತ್ತದೆ, ಅಷ್ಟೇ.

ತಾಪತ್ರಯ ಶುರುವಾಗುವುದು ಈ ಹಂಚಿಕೆಯಲ್ಲೇ. ಇಂಟರ್ನೆಟ್ಟಿನ ಬೆಳಕು ಇದೆ ಅಥವಾ ಇಲ್ಲ ಎಂದು ಮಿಟುಕುವ ಬೆಳಕು. ಮನೆಯಲ್ಲಿರುವ ಪೆಟ್ಟಿಗೆಗೆ ಮಿಟುಕು ಗೊತ್ತಾದರೆ ಸಾಕು. ಒಂದು ಮಿಲಿವ್ಯಾಟಿನ ಐನೂರರಲ್ಲಿ ಒಂದು ಪಾಲು ಬಂದರೂ ಅದು ಓದಿಕೊಳ್ಳುತ್ತದೆ. ಅನಲಾಗ್ ಟಿ.ವಿ. ಹಾಗಲ್ಲ. ಅಲ್ಲಿ ಬೆಳಕಿನ ಪ್ರಖರತೆಯೇ ಎಪ್ಪತ್ತೆಂಬತ್ತು ಚಾನೆಲ್ಲುಗಳ ಒಟ್ಟು ಅಲೆಯ ಆಕಾರದಲ್ಲಿ ಏರಿಳಿಯುತ್ತಿರುತ್ತದೆ. ಆ ಏರಿಳಿತದ ಒಂದೊಂದು ಸುಕ್ಕೂ ಚಿತ್ರದ ಭಾಗ. ಬೆಳಕು ಕಡಿಮೆಯಾದರೆ ಚುಕ್ಕಿ ಏಳುತ್ತದೆ. ಚೊಕ್ಕಟ ಚಿತ್ರಕ್ಕೆ ಮನೆಗೆ ಸುಮಾರು ಅರ್ಧ ಮಿಲಿವ್ಯಾಟ್ ಬೇಕು, ಇಂಟರ್ನೆಟ್ಟಿಗೆ ಬೇಕಾದದ್ದರ 250 ಪಟ್ಟು. 32 ಮನೆಗೆ ಹಂಚಿ, ಹಾದಿಯ ನಷ್ಟ ಕಳೆದು ಅಷ್ಟು ಉಳಿಯಬೇಕಾದರೆ ಪೇಟೆಯಿಂದ ಹೊರಡುವಾಗ ಒಂದು ಎಳೆಗೆ 50 ಮಿಲಿವ್ಯಾಟ್ ತುಂಬಬೇಕು. ಹಾಗಂತ ಬೇಕಾದಷ್ಟು ತುಂಬುವ ಹಾಗೂ ಇಲ್ಲ. ಒಂದು ಮಿತಿ ದಾಟಿದರೆ ಬೆಳಕೇ ಗಾಜನ್ನು ಕಂಪಿಸುವಂತೆ ಮಾಡಿ, ಆ ಕಂಪನ ಬೆಳಕನ್ನು ಬಂದ ದಾರಿಗೇ ಹಿಂದಕ್ಕೆ ತಳ್ಳುತ್ತದೆ. ಬ್ರಿಲುವಾನ್ ಚದುರಿಕೆ ಎಂದು ಇದರ ಹೆಸರು.

ಹಾಗಾದರೆ ಟಿ.ವಿ.ಗೆ 1550 ಬಣ್ಣವೇ ಯಾಕೆ? ಗಾಜು ಅತ್ಯಂತ ಪಾರದರ್ಶಕವಾಗಿರುವುದು ಆ ಬಣ್ಣಕ್ಕೆ ಎಂಬುದು ಒಂದು ಕಾರಣ. ಇನ್ನೊಂದು ಅದಕ್ಕಿಂತ ಚೆಂದದ್ದು: ಎರ್ಬಿಯಂ ಎಂಬ ಧಾತುವಿಗೆ ಆ ಬಣ್ಣ ಒಗ್ಗುತ್ತದೆ. ಸ್ವೀಡನ್ನಿನ ಇಟರ್ಬಿ ಎಂಬ ಹಳ್ಳಿಯ ಗಣಿಯ ಅದಿರಿನಿಂದ 1843ರಲ್ಲಿ ಬೇರ್ಪಟ್ಟ, ಲವಣ ರೂಪದಲ್ಲಿ ನಸುಗುಲಾಬಿಯಾಗಿ ಕಾಣುವ ಧಾತು ಅದು. ಗಾಜಿನ ಎಳೆಯಲ್ಲಿ ಚಿಟಿಕೆ ಎರ್ಬಿಯಂ ಬೆರೆಸಿ, ಪಕ್ಕದಿಂದ ಬೇರೊಂದು ಲೇಸರ್ ಉಣಿಸಿದರೆ, ಒಳಗೆ ಹಾದುಹೋಗುವ 1550ರ ಬೆಳಕು ಬೆಳಕಾಗಿಯೇ ಹಿಗ್ಗಿ ಹೊರಬರುತ್ತದೆ. ನಡುವೆ ಅದನ್ನು ವಿದ್ಯುತ್ತಾಗಿ ಬದಲಿಸುವ ತಲೆನೋವಿಲ್ಲ. 1987ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಪೇಯ್ನ್ ಅವರ ತಂಡ ಇದನ್ನು ಮಾಡಿ ತೋರಿಸಿತು. ಖಂಡ ಖಂಡಗಳ ನಡುವಿನ ಸಮುದ್ರದಡಿ ಕೇಬಲ್ಲುಗಳು ಇದರಿಂದಲೇ ಬದುಕಿವೆ. ನಮ್ಮ ಕೇಬಲ್ ಅಣ್ಣನ ಕಂಟ್ರೋಲ್ ರೂಮಿನಲ್ಲೂ ಇದೇ ತತ್ವದ ಪೆಟ್ಟಿಗೆಯೊಂದು ದೇವರ ಫೋಟೋದ ಕೆಳಗೆ ಫ್ಯಾನಿನ ಸದ್ದು ಮಾಡುತ್ತ ಕೂತಿತ್ತು.

ಆ ಕಂಟ್ರೋಲ್ ರೂಮಿನ ಬಗ್ಗೆ ಇನ್ನೆರಡು ಮಾತು ಹೇಳಲೇಬೇಕು. ಅನಲಾಗ್ ಕಾಲದಲ್ಲಿ ಚಾನೆಲ್ ಎಂದರೆ ಒಂದು ಮಾಡ್ಯುಲೇಟರ್, ಇಟ್ಟಿಗೆಯಷ್ಟು ದೊಡ್ಡ ಪೆಟ್ಟಿಗೆ. ಅದಕ್ಕೆ ಡಿಶ್ಶಿನಿಂದ ಬಂದ ಚಿತ್ರ ಕೊಟ್ಟರೆ ಡಿಶ್ಶಿನ ಚಾನೆಲ್, ಡಿ.ವಿ.ಡಿ. ಪ್ಲೇಯರ್ ಸಿಕ್ಕಿಸಿದರೆ ಊರಿನ ಚಾನೆಲ್. ನಮ್ಮ ಲೋಕಲ್ ಚಾನೆಲ್ಲಿನಲ್ಲಿ ರಥೋತ್ಸವ ಬರುತ್ತಿತ್ತು, ಶಾಲಾ ವಾರ್ಷಿಕೋತ್ಸವ ಬರುತ್ತಿತ್ತು, ಕಳೆದುಹೋದ ಎಮ್ಮೆಯ ಪ್ರಕಟಣೆಯೂ ಬರುತ್ತಿತ್ತು. ರಾತ್ರಿ ಹತ್ತರ ಮೇಲೆ ಯಕ್ಷಗಾನ ಅಥವಾ ತಾಳಮದ್ದಲೆ. ಹಳೇ ಕ್ಯಾಸೆಟ್ಟುಗಳಿಂದ ಇಳಿಸಿಕೊಂಡವು. ಅವುಗಳಲ್ಲೊಂದರಲ್ಲಿ ನಮ್ಮ ಅಜ್ಜ ಇದ್ದರು. ಭೀಷ್ಮನ ಅರ್ಥ ಹೇಳುತ್ತಿದ್ದರು. ತಾಳಮದ್ದಲೆಯಲ್ಲಿ ವೇಷವಿಲ್ಲವಲ್ಲ, ಬಿಳಿ ಅಂಗಿ, ಹೆಗಲ ಮೇಲೆ ಶಾಲು, ಮುಂದೆ ಮೈಕು. ನಾನು ಹುಟ್ಟುವ ಮೊದಲೇ ತೀರಿಕೊಂಡ ಅಜ್ಜನ ದನಿ ನನಗೆ ಗೊತ್ತಿರುವುದು ಕೇಬಲಿನಿಂದಲೇ. ಕೇಬಲ್ ಅಣ್ಣ ಅದನ್ನು ಹಾಕುವ ದಿನ ಮೊದಲೇ ಫೋನು ಮಾಡಿ ಹೇಳುತ್ತಿದ್ದರು. ಅಜ್ಜಿ ಅವತ್ತು ಬೇಗ ಊಟ ಮುಗಿಸುತ್ತಿದ್ದಳು.

2016ರ ಮಳೆಗಾಲ. ನಾನು ಬಿ.ಇ. ಮೂರನೇ ವರ್ಷ ಮುಗಿಸಿ ರಜೆಗೆ ಬಂದಿದ್ದೆ. ಗಾಜು ಬಂದಿತ್ತು, ಚುಕ್ಕಿ ಹೋಗಿತ್ತು. ಎಲ್ಲ ಚಾನೆಲ್ಲುಗಳೂ ತೊಳೆದಿಟ್ಟಂತೆ. ಲೋಕಲ್ ಒಂದರಲ್ಲಿ ಮಾತ್ರ ಮೇಲಿಂದ ಕೆಳಗೆ ಓರೆಯಾಗಿ ಪಟ್ಟೆಗಳು ಸರಿಯುತ್ತಿದ್ದವು. ಸಂಜೆ ತೆಳು, ರಾತ್ರಿ ಹತ್ತರ ಮೇಲೆ ದಟ್ಟ. ಅಜ್ಜಿ ನನ್ನನ್ನು ಕರೆದು ತೋರಿಸಿದಳು. "ಕೂಸೇ, ನಿನ್ನಜ್ಜ ಪಟ್ಟೆ ಅಂಗಿ ಹಾಕಿದೋರೇ ಅಲ್ಲ."

ಕೇಬಲ್ ಅಣ್ಣನಿಗೂ ಅದು ಬಿಡಿಸಲಾಗದ ಒಗಟು. ಮಾಡ್ಯುಲೇಟರ್ ಬದಲಿಸಿ ನೋಡಿದ್ದರು, ವಯರು ಬದಲಿಸಿದ್ದರು. ಕಂಟ್ರೋಲ್ ರೂಮಿನ ಟಿ.ವಿ.ಯಲ್ಲಿ ನೋಡಿದರೆ ಪಟ್ಟೆಯೇ ಇಲ್ಲ, ದೂರದ ಮನೆಗಳಲ್ಲಿ ಮಾತ್ರ ಇದೆ. "ಒಂದು ವಿಚಿತ್ರ ಹೇಳ್ತೇನೆ ತಂಗಿ, ನಗಬೇಡ. ಜನ ನೆಟ್ ಉಪಯೋಗಿಸುವಾಗ ಟಿ.ವಿ. ಸರಿ ಇರ್ತದೆ. ಎಲ್ಲ ಮಲಗಿದ ಮೇಲೆ ಕೆಡ್ತದೆ." ನಾನು ನಗಲಿಲ್ಲ. ಅರ್ಥವೂ ಆಗಲಿಲ್ಲ. ಕಾಲೇಜಿಗೆ ಮರಳಿದ ಮೇಲೆ ಮೇಷ್ಟ್ರೊಬ್ಬರು ಕೊಟ್ಟ ಎರಡು ಪ್ರಬಂಧಗಳನ್ನು ಓದಿದಾಗ, ಯಾವ ಓದೂ ಬರಹವೂ ಇಲ್ಲದೆ ಕೇಬಲ್ ಅಣ್ಣ ಅದರ ಸಾರವನ್ನೇ ಹೇಳಿದ್ದರೆಂದು ತಿಳಿಯಿತು.

ನಮ್ಮೂರಿಗೆ ಹಾಕಿದ್ದ ಇಂಟರ್ನೆಟ್ ಪೆಟ್ಟಿಗೆ ಈಥರ್ನೆಟ್ ಪಾನ್ ಬಗೆಯದು. ಅದರ ಲೇಸರ್ ಸೆಕೆಂಡಿಗೆ 125 ಕೋಟಿ ಸಲ ಮಿಟುಕುತ್ತದೆ. ಯಾರೂ ಏನೂ ಕೇಳದಿದ್ದಾಗಲೂ ಅದು ಸುಮ್ಮನಿರುವಂತಿಲ್ಲ. ಎಚ್ಚರವಾಗಿದ್ದೇನೆ ಎಂದು ತೋರಿಸಲು 20 ಬಿಟ್ಟುಗಳ ಒಂದೇ ಮಂತ್ರವನ್ನು ಜಪಿಸುತ್ತಿರುತ್ತದೆ. 125 ಕೋಟಿಯನ್ನು 20ರಿಂದ ಭಾಗಿಸಿದರೆ ಸೆಕೆಂಡಿಗೆ ಆರೂಕಾಲು ಕೋಟಿ ಸಲ, ಅಂದರೆ 62.5 ಮೆಗಾಹರ್ಟ್ಸ್. ನಮ್ಮ ಲೋಕಲ್ ಚಾನೆಲ್ ಕೂತಿದ್ದ ಜಾಗದ ಚಿತ್ರವಾಹಕ ಅಲೆ 62.25 ಮೆಗಾಹರ್ಟ್ಸ್. ಎರಡರ ನಡುವಿನ ವ್ಯತ್ಯಾಸ ಕಾಲು ಮೆಗಾಹರ್ಟ್ಸ್. ನಮ್ಮ ದೇಶದ ಹಳೇ ಟಿ.ವಿ. ಸೆಕೆಂಡಿಗೆ 15,625 ಗೆರೆ ಎಳೆಯುತ್ತದೆ. ಎರಡೂವರೆ ಲಕ್ಷವನ್ನು ಅದರಿಂದ ಭಾಗಿಸಿ ನೋಡಿ, ಸರಿಯಾಗಿ 16. ಒಂದು ಗೆರೆಗೆ 16 ಪಟ್ಟೆ. ಗೆರೆಯ ಕಾಣುವ ಭಾಗದಲ್ಲಿ 13. ಅಜ್ಜಿಯ ಟಿ.ವಿ.ಯನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಂಡಿದ್ದೆ. ಎಣಿಸಿದೆ, 12 ಇದ್ದವು. ಒಂದು ಟಿ.ವಿ.ಯ ಚೌಕಟ್ಟಿನ ಹಿಂದೆ ಸಿಕ್ಕಿಕೊಂಡಿರಬೇಕು. ಹಾಸ್ಟೆಲ್ಲಿನ ರೂಮಿನಲ್ಲಿ ಒಬ್ಬಳೇ ಕೂತು ಗಟ್ಟಿಯಾಗಿ ನಕ್ಕದ್ದು ನೆನಪಿದೆ.

ಆದರೆ ಇಂಟರ್ನೆಟ್ಟಿನದು ಒಂದು ಬಣ್ಣ, ಟಿ.ವಿ.ಯದು ಇನ್ನೊಂದು, ತಾಗುವುದೇ ಇಲ್ಲ ಎಂದು ಆಗ ಹೇಳಿದೆನಲ್ಲ? ತಾಗುತ್ತವೆ, ತುಸುವೇ. ಗಾಜಿನೊಳಗೆ ಜೊತೆಯಾಗಿ ಕಿಲೋಮೀಟರುಗಟ್ಟಲೆ ನಡೆದರೆ 1490ರ ಬೆಳಕು ತನ್ನ ಶಕ್ತಿಯ ಒಂದು ಚೂರನ್ನು 1550ರ ಬೆಳಕಿಗೆ ದಾಟಿಸುತ್ತದೆ. ಮೊದಲನೆಯದು ಮಿಟುಕಿದ ಲಯದಲ್ಲೇ ಎರಡನೆಯದು ಅತಿ ಸ್ವಲ್ಪ ಏರಿಳಿಯುತ್ತದೆ. ಡಿಜಿಟಲ್ ಆಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅನಲಾಗ್ ಎಲ್ಲವನ್ನೂ ತೋರಿಸಿಬಿಡುತ್ತದೆ. ಜನ ಇಂಟರ್ನೆಟ್ ಬಳಸುವಾಗ ಮಿಟುಕು ಅಸ್ತವ್ಯಸ್ತ, ಅದರ ಕಲೆ ಎಲ್ಲ ಚಾನೆಲ್ಲುಗಳ ಮೇಲೂ ತೆಳ್ಳಗೆ ಹರಡಿಹೋಗುತ್ತದೆ. ಊರು ಮಲಗಿದಾಗ ಜಪ ಒಂದೇ ಸಮ, ಕಲೆ ಒಂದೇ ಕಡೆ. ಕಂಟ್ರೋಲ್ ರೂಮಿನಲ್ಲಿ ಕಾಣದಿದ್ದುದಕ್ಕೂ ಕಾರಣ ಇದೇ: ಬಣ್ಣಗಳೆರಡೂ ಅಲ್ಲಿ ಇನ್ನೂ ಜೊತೆ ನಡೆದಿರಲಿಲ್ಲ.

ಈ ಶಕ್ತಿ ದಾಟುವ ಬಗೆಗೆ ಹೆಸರು ರಾಮನ್ ಚದುರಿಕೆ. ಹೌದು, ಅದೇ ರಾಮನ್. 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಕಂಡದ್ದು. ಮುಂದೆ ಬೆಂಗಳೂರಿಗೆ ಬಂದು, ಇಲ್ಲೇ ಸಂಸ್ಥೆ ಕಟ್ಟಿ, 1970ರಲ್ಲಿ ಇಲ್ಲೇ ತೀರಿಕೊಂಡವರು. ಶಾಲೆಯಲ್ಲಿ ಪ್ರತಿ ವಿಜ್ಞಾನ ದಿನಾಚರಣೆಗೆ ನಾನು ಅವರ ಮೇಲೆ ಭಾಷಣ ಬಾಯಿಪಾಠ ಮಾಡಿದ್ದೆ. ಸಮುದ್ರ ಯಾಕೆ ನೀಲಿ ಎಂಬಲ್ಲಿಗೆ ಆ ಭಾಷಣ ಮುಗಿಯುತ್ತಿತ್ತು. ಅಜ್ಜನ ಬಿಳಿ ಅಂಗಿಗೆ ಯಾಕೆ ಪಟ್ಟೆ ಎಂಬುದೂ ಅದರಲ್ಲಿ ಸೇರಿಸಬಹುದಿತ್ತು.

ಪರಿಹಾರ ಸರಳವಿತ್ತು. ಕೆಲವರು ಖಾಲಿ ಹೊತ್ತಿನಲ್ಲೂ ಅರ್ಥವಿಲ್ಲದ ಬಿಟ್ಟುಗಳನ್ನು ಕಲಸಿ ಕಳಿಸಿ ಜಪ ಮುರಿಯುತ್ತಾರೆ. ಜಿಪಾನ್ ಎಂಬ ಇನ್ನೊಂದು ಬಗೆಯಲ್ಲಿ ಈ ಕಲಸುವಿಕೆ ನಿಯಮದಲ್ಲೇ ಇದೆ. ನಮ್ಮ ಕೈಯಲ್ಲಿ ಅದಿರಲಿಲ್ಲ. ಲೋಕಲ್ ಚಾನೆಲ್ಲನ್ನೇ ಅಲ್ಲಿಂದ ಎಬ್ಬಿಸಿ 175.25 ಮೆಗಾಹರ್ಟ್ಸಿಗೆ ಕೂರಿಸಿದೆವು. ದಸರಾ ರಜೆಯಲ್ಲಿ ನಾನು ಅಜ್ಜಿಯ ಟಿ.ವಿ.ಯ ಮುಂದೆ ಕೂತು, ಮುಚ್ಚಳ ತೆಗೆದು, ಎಂಟನೇ ಗುಂಡಿಯ ಪುಟ್ಟ ಚಕ್ರ ತಿರುವಿ ಹೊಸ ಜಾಗ ಹುಡುಕಿಕೊಟ್ಟೆ. ಅಜ್ಜಿಗೆ ಏನೂ ಬದಲಾಗಲಿಲ್ಲ. ಅದೇ ಎಂಟನೇ ಗುಂಡಿ, ಅದೇ ಭೀಷ್ಮ, ಬಿಳಿ ಅಂಗಿ.

ಇಷ್ಟೆಲ್ಲ ಪಾಡು ಯಾಕೆ, ನೇರ ಡಿಜಿಟಲ್ಲೇ ಕಳಿಸಬಹುದಿತ್ತಲ್ಲ ಎಂದು ನನ್ನ ಸಂಶೋಧನಾ ಸಮಿತಿಯಲ್ಲಿ ಒಬ್ಬರು ಪ್ರತಿ ಸಲ ಕೇಳುತ್ತಾರೆ. ಉತ್ತರ ಗಾಜಿನಲ್ಲಿಲ್ಲ, ಮನೆಗಳಲ್ಲಿದೆ. ಅಮೆರಿಕದ ಟೆಕ್ಸಾಸಿನ ಕೆಲ್ಲರ್ ಎಂಬ ಊರಿನಲ್ಲಿ 2005ರ ಸೆಪ್ಟೆಂಬರಿನಲ್ಲಿ ವೆರೈಜನ್ ಕಂಪನಿ ಗಾಜಿನಲ್ಲಿ ಟಿ.ವಿ. ಕೊಡಲು ಶುರು ಮಾಡಿದಾಗಲೂ ಆರಿಸಿಕೊಂಡದ್ದು ಇದೇ ಮೂರನೇ ಬಣ್ಣವನ್ನು. ಮನೆಯ ಗೋಡೆಗಳೊಳಗೆ ಆಗಲೇ ತಾಮ್ರದ ಕೇಬಲ್ ಇತ್ತು, ಅಡುಗೆಮನೆಯಲ್ಲೊಂದು ಮಲಗುವ ಕೋಣೆಯಲ್ಲೊಂದು ಹಳೇ ಟಿ.ವಿ. ಇತ್ತು. ಗೋಡೆಯ ಹೊರಗೆ ಗಾಜನ್ನು ತಾಮ್ರಕ್ಕೆ ಬದಲಿಸುವ ಒಂದು ಪೆಟ್ಟಿಗೆ ಕೂರಿಸಿದರೆ ಯಾವ ಟಿ.ವಿ.ಯನ್ನೂ ಮುಟ್ಟಬೇಕಿರಲಿಲ್ಲ. ಜಪಾನಿನವರು ಇನ್ನೂ ಜಾಣತನ ಮಾಡಿದರು. ಎನ್‌ಟಿಟಿಯ ಎಂಜಿನಿಯರುಗಳು ಎಲ್ಲ ಚಾನೆಲ್ಲುಗಳ ಗಂಟನ್ನೂ ಒಟ್ಟಾಗಿ ಎಫ್.ಎಂ. ಆಗಿ ಬದಲಿಸಿ ಕಳಿಸುವ ವಿಧಾನ ಕಂಡುಕೊಂಡರು. ಬೆಳಕು ಕಡಿಮೆಯಿದ್ದರೂ ಎಫ್.ಎಂ. ತಡೆದುಕೊಳ್ಳುತ್ತದೆ. ಜಪಾನಿನಲ್ಲಿ 2011ರ ಜುಲೈ 24ರಂದು ಅನಲಾಗ್ ಪ್ರಸಾರ ನಿಂತಿತು (ಭೂಕಂಪದಲ್ಲಿ ನೊಂದ ಮೂರು ಪ್ರಾಂತ್ಯಗಳಿಗೆ ಮುಂದಿನ ಮಾರ್ಚ್‌ವರೆಗೆ ಬಿಡುವು ಸಿಕ್ಕಿತು). ಆಮೇಲೂ ಅಲ್ಲಿನ ಕೇಬಲ್ ಕಂಪನಿಗಳು ಡಿಜಿಟಲ್ ಪ್ರಸಾರವನ್ನು ತಮ್ಮಲ್ಲಿ ಮತ್ತೆ ಅನಲಾಗಿಗೆ ತಿರುಗಿಸಿ 2015ರವರೆಗೆ ಹಳೇ ಟಿ.ವಿ.ಗಳಿಗೆ ಕೊಟ್ಟವು. ಎಲ್ಲರೂ ಹೊಸ ಟಿ.ವಿ. ಕೊಳ್ಳಲಿ ಎಂದು ಕಾಯದೆ, ಕೊಳ್ಳದವರನ್ನೂ ನಾಲ್ಕು ವರ್ಷ ಲೆಕ್ಕಕ್ಕಿಟ್ಟುಕೊಂಡ ಈ ಏರ್ಪಾಡು ನನಗೆ ಬಹಳ ಇಷ್ಟ.

ನಮ್ಮಲ್ಲಿ 2011ರ ಕೇಬಲ್ ತಿದ್ದುಪಡಿ ಕಾಯ್ದೆ ಹಂತಹಂತವಾಗಿ ಬಂತು. ಬೆಂಗಳೂರು, ಮೈಸೂರಿಗೆ 2013ರ ಮಾರ್ಚ್ ಗಡುವು. ನಮ್ಮಂಥ ಊರುಗಳಿಗೆ 2017ರ ಮಾರ್ಚ್ 31. ಕೇಬಲ್ ಅಣ್ಣ ಕಂಗಾಲಾಗಿದ್ದರು. ಸಾಲ ಮಾಡಿ ತಂದ ಲೇಸರು, ಎರ್ಬಿಯಂ ಪೆಟ್ಟಿಗೆ ಇನ್ನೂ ವರ್ಷ ತುಂಬದವು. "ಎಲ್ಲ ಗುಜರಿಗೇ ತಂಗಿ?" ಎಂದು ಫೋನು ಮಾಡಿದರು. ಇಲ್ಲ ಎಂದೆ. ಬೆಳಕು ಹೊತ್ತ ಅಲೆ ಅನಲಾಗೋ ಡಿಜಿಟಲ್ಲೋ ಎಂದು ಆ ಲೇಸರ್ ಕೇಳುವುದಿಲ್ಲ. ಡಿಜಿಟಲ್ ಅಲೆಗೆ ಅಷ್ಟು ಚೊಕ್ಕಟ ಬೆಳಕು ಬೇಕಾಗಿಯೂ ಇಲ್ಲ. ಅದೇ ಪೆಟ್ಟಿಗೆಯಿಂದ ಇನ್ನೂ ಹೆಚ್ಚು ಮನೆಗೆ ಹಂಚಬಹುದು. ಎರಡು ಹಾಳೆ ತುಂಬ ಲೆಕ್ಕ ಹಾಕಿ ಕಳಿಸಿದೆ. ಅವರ ಸಾಲ ತೀರಿತು. ನಾನು ಬರೆದ ಯಾವ ಪ್ರಬಂಧದಿಂದಲೂ ಇಷ್ಟು ಉಪಕಾರ ಯಾರಿಗೂ ಆಗಿಲ್ಲ.

ಮಾಡ್ಯುಲೇಟರುಗಳ ಸಾಲು ಮಾತ್ರ ಆರಿತು. ಚಾನೆಲ್ಲುಗಳೆಲ್ಲ ಈಗ ದೂರದ ದೊಡ್ಡ ಕಂಪನಿಯೊಂದರಿಂದ ಗಂಟಾಗಿ, ಬೀಗ ಹಾಕಿಕೊಂಡು ಬರುತ್ತವೆ. ಅದರಲ್ಲಿ ಊರಿನ ಚಾನೆಲ್ ಸೇರಿಸಬೇಕೆಂದರೆ ಎನ್‌ಕೋಡರು, ಅನುಮತಿ, ಬಾಡಿಗೆ. ಅವರು ಕೈಬಿಟ್ಟರು.

ಅಜ್ಜಿಯ ಟಿ.ವಿ.ಗೆ ಸೆಟ್ ಟಾಪ್ ಬಾಕ್ಸ್ ಸಿಕ್ಕಿಸಲು ಜಾಗವೇ ಇರಲಿಲ್ಲ. ಆಂಟೆನಾದ ಒಂದು ತೂತು ಬಿಟ್ಟರೆ ಏನೂ ಇಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸುತ್ತಿ, ವಿ.ಸಿ.ಆರ್. ಕಾಲದ ಅಂಗೈಯಷ್ಟು ಮಾಡ್ಯುಲೇಟರ್ ಹುಡುಕಿ ತಂದು ಬಾಕ್ಸಿಗೂ ಟಿ.ವಿ.ಗೂ ನಡುವೆ ಕೂರಿಸಿದೆ. ಕೊನೆಯ ಒಂದು ಮೀಟರ್ ದೂರ ನಮ್ಮ ಮನೆಯಲ್ಲಿ ಅನಲಾಗ್ ಉಳಿಯಿತು. ಎಂಟು ಗುಂಡಿಗಳಲ್ಲಿ ಒಂದರಲ್ಲಿ ಮಾತ್ರ ಚಿತ್ರ. ಚಾನೆಲ್ ಬದಲಿಸಲು ಬಾಕ್ಸಿನ ರಿಮೋಟು. ರಿಮೋಟು ಅಜ್ಜಿ ಕಲಿಯಲಿಲ್ಲ, ಕಲಿಯುವ ಆಸೆಯೂ ಇರಲಿಲ್ಲ. ಒಂದೊಂದೇ ಗುಂಡಿ ಒತ್ತಿ, ಏಳು ಕಡೆ ಚುಕ್ಕಿ ನೋಡಿ, "ಉಳಿದೋರೆಲ್ಲ ಎಲ್ಲಿಗೆ ಹೋದ್ರು?" ಎಂದಳು. ಅಜ್ಜನ ಕ್ಯಾಸೆಟ್ಟಿನ ಪ್ರತಿಯನ್ನು ಲ್ಯಾಪ್‌ಟಾಪಿನಲ್ಲಿ ಹಾಕಿ ತೋರಿಸಿದೆ. ಐದು ನಿಮಿಷ ನೋಡಿ ಸಾಕೆಂದಳು. ಬೇಕೆಂದಾಗ ಬರುವುದಕ್ಕೂ, ಕೇಬಲಿನವರು ಫೋನು ಮಾಡಿ ಇಂದು ರಾತ್ರಿ ಎನ್ನುವುದಕ್ಕೂ ವ್ಯತ್ಯಾಸ ಇತ್ತೇನೋ. ಕ್ಯಾಸೆಟ್ಟಿನ ಮೂಲ ಮಳೆಗಾಲದ ಬೂಷ್ಟು ಹಿಡಿದು ಹೋಯಿತು. 2020ರಲ್ಲಿ ಅಜ್ಜಿಯೂ ಹೋದಳು.

ನನ್ನ ಪ್ರಬಂಧ ಈಗ ಬಣ್ಣಗಳ ಈ ಸೋರಿಕೆಯ ಮೇಲೇ. ಹೊಸ ತಲೆಮಾರಿನ ಹತ್ತು ಗಿಗಾಬಿಟ್ ಜಾಲಗಳು ಇಳಿದಾರಿಗೆ 1577 ನ್ಯಾನೋಮೀಟರ್ ಬಳಸುತ್ತವೆ. ಅಂದರೆ ಮೂರನೇ ಬಣ್ಣದ ಜಾಗವನ್ನು ಬಿಟ್ಟು ಪಕ್ಕಕ್ಕೆ ಸರಿದಿವೆ. ನಿಯಮ ಬರೆಯುವವರು 2001ರಲ್ಲಿ ಟಿ.ವಿ.ಗೆ ಕೊಟ್ಟ ಪಟ್ಟಿಯನ್ನು ಇವತ್ತಿಗೂ ಯಾರಿಗೂ ಕೊಟ್ಟಿಲ್ಲ, ಪಂಕ್ತಿಯಲ್ಲಿ ಎಲೆ ಹಾಕಿ ಕಾದಿಟ್ಟ ಹಾಗೆ. ಸಮಿತಿಯ ಆ ಒಬ್ಬರು ಇದನ್ನು ವ್ಯರ್ಥ ಎನ್ನುತ್ತಾರೆ. ಟಿ.ವಿ. ಈಗ ಇಂಟರ್ನೆಟ್ಟಿನೊಳಗೇ ಬರುತ್ತದಲ್ಲ, ಪ್ರತ್ಯೇಕ ಬಣ್ಣ ಯಾಕೆ ಎನ್ನುವುದು ಅವರ ವಾದ. ಅದರಲ್ಲಿ ಹುರುಳಿದೆ. ಆದರೆ ಅದು ಖಾಲಿ ಇದೆಯೋ ಇಲ್ಲವೋ ಎಂಬುದು ಎಲ್ಲಿ ನಿಂತು ನೋಡುತ್ತೀರಿ ಎನ್ನುವುದರ ಮೇಲೆ ಹೋಗುತ್ತದೆ.

ಹೋದ ತಿಂಗಳು ಕೇಬಲ್ ಅಣ್ಣ ಫೋನು ಮಾಡಿದ್ದರು. ಜನ ಟಿ.ವಿ. ಬಿಟ್ಟು ಮೊಬೈಲಿಗೆ ಹೋಗಿದ್ದಾರೆ, ನೆಟ್ ಕನೆಕ್ಷನ್ ಮಾತ್ರ ಇಟ್ಟುಕೊಳ್ಳುತ್ತಾರೆ. ಎರ್ಬಿಯಂ ಪೆಟ್ಟಿಗೆಯ ಫ್ಯಾನು ಕೆಟ್ಟಿದೆ, ರಿಪೇರಿಗೆ ಬೆಂಗಳೂರಿಗೆ ಕಳಿಸಬೇಕು. "ಆರಿಸಿಬಿಡ್ಲಾ ತಂಗಿ? ನೀನೇ ಲೆಕ್ಕ ಹಾಕಿ ಹೇಳು."

ನಮ್ಮ ಕಡೆಯ ಎಳೆಯಲ್ಲಿ ಟಿ.ವಿ. ಮಾತ್ರ ನೋಡುವ ಮನೆ ಎಷ್ಟಿವೆ ಎಂದು ಕೇಳಿದೆ. ಅವರು ಪುಸ್ತಕ ನೋಡಲಿಲ್ಲ, ಬಾಯಲ್ಲೇ ಎಣಿಸಿದರು. ಮೇಲಿನ ಮನೆ, ಹೊಳೆಬಾಗಿಲಿನ ಮನೆ, ಶಾಲೆ ಹಿಂದಿನ ಟೀಚರಮ್ಮ, ತೋಟದ ಮನೆಯ ಅಜ್ಜ ಅಜ್ಜಿ. 11 ಆಯಿತು. ಅದರಲ್ಲಿ ಮಕ್ಕಳು ಜೊತೆಗಿರುವ ಮನೆ ಎಷ್ಟು ಎಂದೆ. ಮತ್ತೆ ಎಣಿಸಿ, ಎರಡು ಎಂದರು. ಫ್ಯಾನು ಎಷ್ಟು ಇಂಚಿನದು ಎಂದು ಅಳೆದು ಹೇಳಲು ಕೇಳಿದ್ದೇನೆ. ಎಸ್.ಪಿ. ರೋಡಿಗೆ ಶನಿವಾರ ಹೋಗಬೇಕು.